ಪಂಚಾಂಗಕ್ಕೆ ಸಿಗದ ಹೂವು

ಜಪಾನಿನಲ್ಲಿ ವಸಂತ ಕಾಲಿಟ್ಟೊಡನೆ ಊರಿಗೆ ಊರೇ ಚೆರ್ರಿ ಮರಗಳ ಕೆಳಗೆ ನೆರೆಯುತ್ತದೆ. ಆ ಹೂವಿಗೆ ಅಲ್ಲಿ ‘ಸಕುರಾ’ ಎಂದು ಹೆಸರು. ಅದನ್ನು ನೋಡಹೋಗುವುದು ‘ಹನಾಮಿ’. ಪರದೇಶದ ಅತಿಥಿಗಳನ್ನು ಬೀದಿಬೀದಿಗಳಲ್ಲಿ ನಡೆಸಿ, ಹೂವಿನೊಡನೆ ಊರನ್ನೂ ತೋರಿಸುವ ಮಾರ್ಗದರ್ಶಿಗೆ ಇದು ಸುಗ್ಗಿಯ ಕಾಲ. ಪರೀಕ್ಷೆಯ ಕಾಲವೂ ಹೌದು.

ಪ್ರವಾಸಿಯು ತಿಂಗಳುಗಳ ಮೊದಲೇ ಟಿಕೆಟ್ಟು ಕೊಂಡಿರುತ್ತಾನೆ. ಹೂವು ಮಾತ್ರ ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಹವಾಮಾನ ಇಲಾಖೆಯವರು ಗೊತ್ತಾದ ಒಂದು ಮರವನ್ನು ಕಾದು ನೋಡಿ, ಅದರಲ್ಲಿ 5–6 ಹೂಗಳು ಬಿರಿದಾಗ ‘ಹೂ ಅರಳಿತು’ ಎಂದು ಸಾರುತ್ತಾರೆ. ಹೆಚ್ಚಾಗಿ ಕಾಣುವ ‘ಸೊಮೇಯಿ ಯೊಶಿನೊ’ ಜಾತಿಯ ಮರಗಳೆಲ್ಲ ಒಂದೇ ಮರದ ಕಸಿಯ ಸಂತಾನ. ಆದುದರಿಂದ ಒಂದೂರಿನ ಮರಗಳು ಒಟ್ಟಿಗೆ ಅರಳುತ್ತವೆ, ಒಟ್ಟಿಗೆ ಉದುರುತ್ತವೆ. ಆ ವೈಭವವೆಲ್ಲ ಸುಮಾರು ಒಂದು ವಾರದ್ದು. ನಡುವೆ ಗಾಳಿಮಳೆ ಬಂದರೆ ಅಷ್ಟೂ ಇಲ್ಲ.

ಕ್ಯೋಟೋ ನಗರದ ‘ತತ್ತ್ವಜ್ಞಾನಿಯ ಹಾದಿ’ ಇಂಥ ನಡಿಗೆಗಳಿಗೆ ಹೆಸರಾದುದು. ಬೀವಾ ಸರೋವರದ ನೀರನ್ನು ನಗರಕ್ಕೆ ತರುವ ಕಾಲುವೆ 1890ರಲ್ಲಿ ಪೂರ್ಣವಾಯಿತು. ಅದರ ಕವಲೊಂದರ ದಂಡೆಯಲ್ಲಿ, ಗಿಂಕಾಕುಜಿ ದೇವಾಲಯದ ಬಳಿಯಿಂದ ದಕ್ಷಿಣಕ್ಕೆ ಸುಮಾರು ಎರಡು ಕಿಲೋಮೀಟರ್ ಈ ಹಾದಿ ಸಾಗುತ್ತದೆ. ತತ್ತ್ವಶಾಸ್ತ್ರದ ಪ್ರಾಧ್ಯಾಪಕ ನಿಶಿದಾ ಕಿತಾರೊ ಇಲ್ಲಿ ಚಿಂತಿಸುತ್ತ ನಡೆದಾಡುತ್ತಿದ್ದುದರಿಂದ ಈ ಹೆಸರು ಬಂದಿತು. ಮರಗಳ ಸಾಲಿಗೆ ಮೊದಲ ಸಸಿಗಳನ್ನು 1920ರ ದಶಕದ ಆರಂಭದಲ್ಲಿ ಕೊಟ್ಟವರು ಚಿತ್ರಕಾರ ಹಾಶಿಮೊತೊ ಕಾನ್ಸೆತ್ಸು ದಂಪತಿಗಳು.

ಇದೇ ನಗರದಲ್ಲಿ ಹೂವಿನ ಲೆಕ್ಕವೂ ಉಳಿದು ಬಂದಿದೆ. ಆಸ್ಥಾನಿಕರೂ ಸಂನ್ಯಾಸಿಗಳೂ ತಮ್ಮ ದಿನಚರಿಗಳಲ್ಲಿ ಹೂ ನೋಡಿದ ದಿನವನ್ನು ಬರೆದಿಡುತ್ತಿದ್ದರು. ಆಓನೊ ಯಸುಯುಕಿ ಎಂಬ ವಿದ್ವಾಂಸರು ಅವುಗಳನ್ನು ಹುಡುಕಿ, ಒಂಬತ್ತನೆಯ ಶತಮಾನದಿಂದ ಈಚಿನ ತಿಥಿಗಳನ್ನು ಕಲೆಹಾಕಿದರು. 2021ರಲ್ಲಿ ಕ್ಯೋಟೋದ ಹೂಗಳು ಮಾರ್ಚ್ 26ಕ್ಕೇ ತುಂಬಿ ಅರಳಿದವು. ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಮೊದಲು ಅರಳಿದ್ದಿಲ್ಲ. ಭೂಮಿಯ ಕಾವು ಏರುತ್ತಿದೆ. ನಗರದ ಕಾವು ಅದಕ್ಕೆ ಕೂಡುತ್ತಿದೆ. ಏಪ್ರಿಲ್ ತಿಂಗಳನ್ನು ನಂಬಿ ದೂರದಿಂದ ಬಂದವರು ಬರಿಯ ಎಳೆಚಿಗುರನ್ನು ನೋಡಿ ಮುಖ ಬಾಡಿಸುವ ವರ್ಷಗಳೂ ಉಂಟು.

ಮಾರ್ಗದರ್ಶಿಯ ಬೆಲೆ ತಿಳಿಯುವುದು ಅಂಥ ದಿನವೇ. ಹೂ ತುಂಬಿದ ಮರವನ್ನು ಯಾರು ಬೇಕಾದರೂ ತೋರಿಸಬಲ್ಲರು. ಬಲ್ಲವನು ಬರಿದಾದ ಕೊಂಬೆಯನ್ನು ಬಿಟ್ಟು ಕಾಲುವೆಯ ಕಡೆಗೆ ಕೈ ತೋರುತ್ತಾನೆ. ಉದುರಿದ ಪಕಳೆಗಳು ನೀರಿನ ಮೇಲೆ ಒತ್ತಾಗಿ ತೇಲಿ ಬರುವುದಕ್ಕೆ ಜಪಾನೀಯರು ‘ಹನಾ ಇಕಾದ’, ಎಂದರೆ ಹೂವಿನ ತೆಪ್ಪ, ಎಂದು ಹೆಸರಿಟ್ಟಿದ್ದಾರೆ. ಅರಳಿದುದಕ್ಕೆ ಮಾತ್ರವಲ್ಲ, ಉದುರಿದುದಕ್ಕೂ ಹೆಸರಿಟ್ಟ ಜನ ಅವರು. ಅದನ್ನು ಕೇಳಿದ ಅತಿಥಿಯು ತಡವಾಗಿ ಬಂದೆನೆಂಬ ಕೊರಗನ್ನು ಮರೆತು, ಸೇತುವೆಯ ಕಟಕಟೆಗೆ ಒರಗಿ ನಿಂತು, ತೆಪ್ಪ ಸಾಗುವುದನ್ನು ನೋಡುತ್ತಾನೆ.