42ನೇ ವಯಸ್ಸಿನ ‘ಹೊಸ ಮುಖ’

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂದಂತೆಲ್ಲ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ಬಗೆಯ ಮೆಸೇಜುಗಳು ಹೆಚ್ಚಾಗುತ್ತವೆ. ಒಂದು, ಕಂಪನಿಗಳ ಅರ್ಹತಾ ಪಟ್ಟಿ: ಬ್ಯಾಕ್‌ಲಾಗ್ ಇರಬಾರದು, ಓದಿನ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಗ್ಯಾಪ್ ಇರಬಾರದು. ಇನ್ನೊಂದು, ಸ್ಫೂರ್ತಿ ತುಂಬುವ ಫೋಟೊಗಳು. ಹೋದ ವಾರ ಬಂದ ಫೋಟೊದಲ್ಲಿ ಪ್ರೊಫೆಸರ್ ಸ್ನೇಪ್ ಇದ್ದರು. ‘ಹ್ಯಾರಿ ಪಾಟರ್’ ನೋಡಿ ಬೆಳೆದ ನಮಗೆ ಆ ಕಪ್ಪು ನಿಲುವಂಗಿ, ಎಳೆದೆಳೆದು ಮಾತಾಡುವ ಆ ದನಿ ಯಾರದೆಂದು ಹೇಳಬೇಕಿಲ್ಲ. ಫೋಟೊದ ಕೆಳಗಿದ್ದ ಸಾಲಿನ ಅರ್ಥ ಇಷ್ಟು: ಅಲನ್ ರಿಕ್‌ಮನ್‌ಗೆ ಮೊದಲ ಸಿನಿಮಾ ಸಿಕ್ಕಿದ್ದು 42ಕ್ಕೆ, ನಿಮ್ಮ ಕಾಲವೂ ಬರುತ್ತದೆ, ಕಾಯಿರಿ.

ನಾನೂ ಒಂದು ಹಾರ್ಟ್ ಒತ್ತಿದೆ. ಆರನೇ ಸೆಮಿಸ್ಟರಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ನಾನು. ಕಾಲೇಜಿನ ನಾಟಕ ತಂಡದಲ್ಲಿ ಕಳೆಯುವ ಸಂಜೆಗಳೇ ನನಗೆ ಇಷ್ಟ. ಇಂಥ ಸಾಲು ಯಾರಿಗೆ ಹಿತವಾಗುವುದಿಲ್ಲ? ಆದರೆ ರಾತ್ರಿ ಕುಳಿತು ಅವರ ಬದುಕಿನ ಬಗ್ಗೆ ಓದಿದ ಮೇಲೆ ಆ ಹಾರ್ಟ್ ವಾಪಸ್ ತೆಗೆದೆ. ಆ ಮನುಷ್ಯ ಒಂದು ದಿನವೂ ಕಾಯುತ್ತ ಕುಳಿತವರಲ್ಲ.

ರಿಕ್‌ಮನ್ ಹುಟ್ಟಿದ್ದು 1946ರಲ್ಲಿ, ಪಶ್ಚಿಮ ಲಂಡನ್ನಿನ ಆ್ಯಕ್ಟನ್‌ನಲ್ಲಿ. ಕಾರ್ಮಿಕ ಕುಟುಂಬ. ಎಂಟು ವರ್ಷದವರಿದ್ದಾಗ ತಂದೆ ತೀರಿಕೊಂಡರು. ನಾಲ್ಕು ಮಕ್ಕಳನ್ನು ತಾಯಿಯೊಬ್ಬರೇ ಸಾಕಿದರು. ಸ್ಕಾಲರ್‌ಶಿಪ್ ಸಿಕ್ಕಿ ಹುಡುಗ ಒಳ್ಳೆಯ ಶಾಲೆ ಸೇರಿದ. ನಾಟಕದ ಹುಚ್ಚು ಅಲ್ಲೇ ಹಿಡಿದಿದ್ದರೂ ಅವರು ಆರಿಸಿಕೊಂಡದ್ದು ಗ್ರಾಫಿಕ್ ಡಿಸೈನ್. ಅದು ಹೊಟ್ಟೆಗೆ ದಾರಿಯಾಗುವ ವಿದ್ಯೆ. ಓದು ಮುಗಿಸಿ ಗೆಳೆಯರ ಜೊತೆ ಸೇರಿ ಒಂದು ಡಿಸೈನ್ ಸ್ಟುಡಿಯೊ ತೆರೆದರು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟಾದ ಮೇಲೆ, 26ನೇ ವಯಸ್ಸಿನಲ್ಲಿ, ಆಡಿಷನ್‌ಗೆ ಅವಕಾಶ ಕೊಡಿ ಎಂದು ಲಂಡನ್ನಿನ ಪ್ರಸಿದ್ಧ ನಟನಾ ಶಾಲೆ ‘ರಾಡಾ’ಕ್ಕೆ ಪತ್ರ ಬರೆದರು. ಆಯ್ಕೆಯಾದರು.

ಮುಂದಿನದನ್ನು ಫಾರ್ವರ್ಡ್ ಮೆಸೇಜುಗಳು ಹೇಳುವುದಿಲ್ಲ. ನಟನಾ ಶಾಲೆಯ ಆ ದಿನಗಳಲ್ಲಿ ಖರ್ಚಿಗಾಗಿ ಅವರು ರಾಲ್ಫ್ ರಿಚರ್ಡ್‌ಸನ್, ನೈಜೆಲ್ ಹಾಥಾರ್ನ್ ಅವರಂಥ ನಟರಿಗೆ ಡ್ರೆಸರ್ ಆಗಿ ದುಡಿದರು. ಡ್ರೆಸರ್ ಎಂದರೆ ನಟರ ಉಡುಪು ಸಿದ್ಧ ಮಾಡಿಡುವವರು, ತೊಡಿಸುವವರು, ಮುಂದಿನ ದೃಶ್ಯದ ಕೋಟು ಹಿಡಿದು ಪರದೆಯ ಪಕ್ಕ ನಿಲ್ಲುವವರು. ನೆನ್ನೆ ತನ್ನದೇ ಸ್ಟುಡಿಯೊ ಇದ್ದವರು ಇಂದು ಬೇರೆಯವರ ಕೋಟು ಹಿಡಿದು ನಿಂತರು. ನಮ್ಮಲ್ಲಿ ಎಷ್ಟು ಜನ ಇದನ್ನು ಮಾಡಿಯೇವು? ಮಾಡಿದರೂ ಲಿಂಕ್ಡ್‌ಇನ್‌ನಲ್ಲಿ ಹಾಕಿಯೇವೇ?

1974ರಲ್ಲಿ ರಾಡಾ ಮುಗಿಯಿತು. ಅಲ್ಲಿಂದ ಮೊದಲ ಸಿನಿಮಾದವರೆಗೆ 14 ವರ್ಷ. ಈ 14 ವರ್ಷವನ್ನೇ ನಮ್ಮ ವಾಟ್ಸ್‌ಆ್ಯಪ್ ‘ಕಾಯುವುದು’ ಎಂದು ಕರೆದದ್ದು. ನಿಜಕ್ಕೂ ಆಗ ಅವರು ಊರೂರಿನ ನಾಟಕ ತಂಡಗಳಲ್ಲಿ ಬಗೆಬಗೆಯ ಪಾತ್ರ ಮಾಡುತ್ತಿದ್ದರು. ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸೇರಿದರು, ಹೊಂದಿಕೆಯಾಗದೆ ಹೊರಬಂದರು, ಸಣ್ಣ ರಂಗಮಂದಿರಗಳಲ್ಲಿ ಕೆಲಸ ಮಾಡಿ ಮತ್ತೆ ಅಲ್ಲಿಗೇ ಮರಳಿದರು. 1982ರಲ್ಲಿ ಬಿಬಿಸಿ ಧಾರಾವಾಹಿಯೊಂದರ ಕಪಟಿ ಪಾದ್ರಿಯ ಪಾತ್ರ ಹೆಸರು ತಂದಿತು. 1985ರಲ್ಲಿ ‘ಲೆ ಲಿಯೆಜಾಂ ದಾಂಜರೂಸ್’ ನಾಟಕದ ವಾಲ್ಮಾಂಟ್ ಪಾತ್ರ ಸಿಕ್ಕಿತು. ನಾಟಕ ನ್ಯೂಯಾರ್ಕಿನ ಬ್ರಾಡ್‌ವೇ ತಲುಪಿ, 1987ರಲ್ಲಿ ಅವರಿಗೆ ಟೋನಿ ಪ್ರಶಸ್ತಿಯ ನಾಮನಿರ್ದೇಶನವೂ ಬಂತು.

ಆ ನಾಟಕ ಸಿನಿಮಾ ಆದಾಗ ವಾಲ್ಮಾಂಟ್ ಪಾತ್ರ ಹೋಗಿದ್ದು ಜಾನ್ ಮಾಲ್ಕೊವಿಚ್‌ಗೆ. ತಾನೇ ವರ್ಷಗಟ್ಟಲೆ ಕಟ್ಟಿದ ಪಾತ್ರ ಕಣ್ಣೆದುರೇ ಕೈತಪ್ಪಿತು. ಆದರೆ ಅದೇ ವಾಲ್ಮಾಂಟ್‌ನನ್ನು ಬ್ರಾಡ್‌ವೇಯಲ್ಲಿ ನೋಡಿದ್ದ ನಿರ್ಮಾಪಕ ಜೋಯೆಲ್ ಸಿಲ್ವರ್, ‘ಡೈ ಹಾರ್ಡ್’ ಚಿತ್ರದ ಖಳನಾಯಕ ಹಾನ್ಸ್ ಗ್ರೂಬರ್‌ನ ಪಾತ್ರವನ್ನು ರಿಕ್‌ಮನ್‌ಗೆ ಕೊಟ್ಟರು. 1988ರಲ್ಲಿ ಎರಡೂ ಸಿನಿಮಾ ಬಂದವು. ಒಂದು ಕೈಬಿಟ್ಟು ಹೋಯಿತು, ಇನ್ನೊಂದು ಜಗತ್ತಿಗೆಲ್ಲ ಅವರ ಮುಖ ಪರಿಚಯಿಸಿತು. ಗ್ರೂಬರ್‌ಗೆ ಭಯೋತ್ಪಾದಕರ ಮಾಮೂಲಿ ವೇಷ ಬೇಡ, ಸೂಟ್ ಇರಲಿ ಎಂದು ಸೂಚಿಸಿದ್ದೂ ರಿಕ್‌ಮನ್ನರೇ. ಅದರಲ್ಲಿ ನನಗೆ ಆ ಹಳೆಯ ಡಿಸೈನರ್ ಕಾಣಿಸುತ್ತಾನೆ. ಕಲಿತ ವಿದ್ಯೆ ಎಲ್ಲೂ ಹಾಳಾಗಿರಲಿಲ್ಲ.

ಈ ಕಥೆಯನ್ನು ಎರಡು ತಪ್ಪು ರೀತಿಯಲ್ಲಿ ಓದಬಹುದು. ಒಂದು, ‘ಎಲ್ಲ ಬಿಟ್ಟು ಕನಸಿನ ಹಿಂದೆ ಓಡು’. ರಿಕ್‌ಮನ್ ಹಾಗೆ ಓಡಲಿಲ್ಲ. ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡೇ ಹೊರಟರು. ಅದೂ ಅಲ್ಲದೆ ಅವರ ಕಾಲ, ದೇಶ ಬೇರೆ. 1960ರ ದಶಕದ ಬ್ರಿಟನ್ನಿನಲ್ಲಿ ಬಡವರ ಮಕ್ಕಳ ಕಾಲೇಜು ಓದಿಗೆ ಸರ್ಕಾರದ ನೆರವಿತ್ತು. ಅವರ ಬಾಳಸಂಗಾತಿ ರೀಮಾ ಹಾರ್ಟನ್ ಅರ್ಥಶಾಸ್ತ್ರದ ಅಧ್ಯಾಪಕಿ. ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಸಾಲ ಮಾಡಿ ಓದುತ್ತಿರುವ ನಾನು ಇದನ್ನು ಮರೆತು ಅವರ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತೇನೆಂದರೆ ಅದು ಧೈರ್ಯವಲ್ಲ, ಲೆಕ್ಕ ಬಾರದಿರುವುದು.

ಇನ್ನೊಂದು ತಪ್ಪು, ‘ಕಾಲ ಬರುತ್ತದೆ, ಸುಮ್ಮನಿರು’. ಅವರು ಸಿನಿಮಾಕ್ಕೆ ತಡವಾಗಿ ಬಂದರು ನಿಜ. ಆದರೆ ನಟನೆಗೆ ತಡವಾಗಿ ಬರಲಿಲ್ಲ. ಹಾಲಿವುಡ್ ‘ಹೊಸ ಮುಖ’ ಎಂದು ನೋಡಿದ ಮುಖ ಅಷ್ಟರಲ್ಲಿ ಸಾವಿರಾರು ಸಂಜೆ ಬಣ್ಣ ಹಚ್ಚಿತ್ತು.

ನನ್ನ ತಕರಾರು ಇಲ್ಲಿದೆ. ಕಂಪನಿಯ ಅರ್ಜಿಯಲ್ಲಿ 26ರ ರಿಕ್‌ಮನ್‌ಗೆ ಸಿಗುತ್ತಿದ್ದುದು ಒಂದೇ ಪದ: ‘ಗ್ಯಾಪ್’. ಆ ಕಾಲಂನಲ್ಲಿ ಕಾಯಿಲೆ ಬಿದ್ದ ಅಮ್ಮನನ್ನು ನೋಡಿಕೊಂಡ ವರ್ಷ, ಅಂಗಡಿಯಲ್ಲಿ ದುಡಿದ ವರ್ಷ, ಬೇರೆ ವಿದ್ಯೆ ಕಲಿತ ವರ್ಷ, ಮಲಗಿದ ವರ್ಷ ಎಲ್ಲಕ್ಕೂ ಒಂದೇ ಬೆಲೆ. ಸಾವಿರಾರು ಅರ್ಜಿಗಳನ್ನು ಸೋಸಲು ಅವರಿಗೊಂದು ಜರಡಿ ಬೇಕು, ಒಪ್ಪೋಣ. ಆದರೆ ‘ಆ ವರ್ಷ ಏನು ಮಾಡಿದೆ?’ ಎಂದು ಎರಡು ಸಾಲು ಬರೆಯಲು ಜಾಗ ಕೊಡುವುದಕ್ಕೆ ಎಷ್ಟು ಖರ್ಚಾಗುತ್ತದೆ? ಕೇಳದೆಯೇ ಬಾಗಿಲು ಹಾಕಿದರೆ ನಷ್ಟ ಒಳಗಿರುವವರಿಗೂ ಹೌದು.

ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ಈ ಕಥೆ ಹೇಳಿದೆ. ಅಪ್ಪ ಅರಸೀಕೆರೆಯಲ್ಲಿ ಟೈಲರ್. ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ ಕೇಳಿಸಿಕೊಂಡರು. ಡ್ರೆಸರ್ ಕೆಲಸದ ವಿಷಯ ಬಂದಾಗ ಮಾತ್ರ ಮೆಷಿನ್ ನಿಂತಿತು. ‘ಇನ್ನೊಬ್ರ ಬಟ್ಟೆ ಹಿಡ್ಕೊಂಡ್ರೆ ಮರ್ಯಾದೆ ಏನೂ ಹೋಗಲ್ಲ ಕಣೋ. ನಾನು ಮೂವತ್ತು ವರ್ಷದಿಂದ ಅದೇ ಮಾಡ್ತಿರೋದು. ಮೊದ್ಲು ಲೋನ್ ತೀರ್ಸು. ನಾಟಕ ಬಿಡು ಅಂತ ನಾನೆಲ್ಲಿ ಹೇಳ್ದೆ?’ ಎಂದರು.

ಹೌದು, ಅವರು ಯಾವತ್ತೂ ಹೇಳಿರಲಿಲ್ಲ. ಹಾಗಂತ ನಾನೇ ಅಂದುಕೊಂಡಿದ್ದೆ.

ರಿಕ್‌ಮನ್ 2016ರ ಜನವರಿಯಲ್ಲಿ, 69ನೇ ವಯಸ್ಸಿನಲ್ಲಿ ತೀರಿಕೊಂಡರು. ಎಮ್ಮಿ, ಗೋಲ್ಡನ್ ಗ್ಲೋಬ್, ಬಾಫ್ತಾ ಬಂದವು. ಆಸ್ಕರ್‌ಗೆ ಒಮ್ಮೆಯೂ ನಾಮನಿರ್ದೇಶನ ಆಗಲಿಲ್ಲ. ಸ್ನೇಪ್ ಪಾತ್ರದ ನಡುವೆಯೇ ಅವರಿಗೆ ಕ್ಯಾನ್ಸರ್ ಚಿಕಿತ್ಸೆ ನಡೆದಿತ್ತೆಂಬುದು 2022ರಲ್ಲಿ ಅವರ ದಿನಚರಿ ಪ್ರಕಟವಾದಾಗ ತಿಳಿಯಿತು. ಬಿಡಲು ಕಾರಣವಿತ್ತು, ಆದರೂ ಪಾತ್ರವನ್ನು ಕೊನೆಯ ಚಿತ್ರದವರೆಗೆ ಮುಗಿಸಿಕೊಟ್ಟರು.

ಬರುವ ತಿಂಗಳಿಂದ ಬೆಳಿಗ್ಗೆ ಆ್ಯಪ್ಟಿಟ್ಯೂಡ್ ತರಬೇತಿ, ಸಂಜೆ ರಿಹರ್ಸಲ್. ಈ ಸಲದ ನಾಟಕದಲ್ಲಿ ನನಗೆ ಪಾತ್ರ ಸಿಕ್ಕಿಲ್ಲ, ವೇಷಭೂಷಣದ ಜವಾಬ್ದಾರಿ ಕೊಟ್ಟಿದ್ದಾರೆ. ಮೊದಲಾಗಿದ್ದರೆ ಮುನಿಸಿಕೊಂಡು ತಂಡ ಬಿಡುತ್ತಿದ್ದೆ. ಈಗ ಅಪ್ಪನ ಹತ್ತಿರ ಕಾಜ ಹೊಲಿಯುವುದನ್ನು ಕಲಿತು ಬಂದಿದ್ದೇನೆ.