ಹಿಟ್ಟಿನ ಕೋಳಿ, ಆಡಿನ ಹಾಲು

ನ್ಯೂಯಾರ್ಕ್ ನಗರದ ‘ಇಲೆವೆನ್ ಮ್ಯಾಡಿಸನ್ ಪಾರ್ಕ್’ ಎಂಬ ಸಿರಿವಂತರ ಭೋಜನಶಾಲೆ 2021ರಲ್ಲಿ ಮಾಂಸವನ್ನೂ ಮೀನನ್ನೂ ಕೈಬಿಟ್ಟು, ಇನ್ನು ಮುಂದೆ ಸಸ್ಯಮೂಲದ ಅಡುಗೆಯನ್ನಷ್ಟೇ ಬಡಿಸುವುದಾಗಿ ಸಾರಿದಾಗ ಅದೊಂದು ದೊಡ್ಡ ಸುದ್ದಿಯಾಯಿತು. 2025ರ ಅಕ್ಟೋಬರಿನಲ್ಲಿ ಅಲ್ಲಿಗೆ ಬಾತುಕೋಳಿ ಮರಳಿ ಬಂದಿತು. ಸಸ್ಯಾಹಾರವೊಂದನ್ನೇ ಹಿಡಿದು ಕುಳಿತದ್ದರಿಂದ ತಮಗರಿಯದೆಯೇ ಹಲವರನ್ನು ಹೊರಗಿಟ್ಟಂತಾಯಿತೆಂದು ಅದರ ಮುಖ್ಯ ಬಾಣಸಿಗ ಡೇನಿಯಲ್ ಹಮ್ ಹೇಳಿಕೊಂಡರು; ವ್ಯಾಪಾರದ ತೊಡಕನ್ನೂ ಮುಚ್ಚಿಡಲಿಲ್ಲ. ಅಂಗಡಿಯವನು ಸರಕು ಬದಲಿಸುವುದು ಹೊಸತೇನಲ್ಲ. ಹತ್ತು ಹದಿನೈದು ವರ್ಷ ಹಾಲನ್ನು ಕೂಡ ಮುಟ್ಟದೆ ಬಾಳಿ, ಆಮೇಲೆ ಮಾಂಸಕ್ಕೆ ಮರಳುವ ವ್ಯಕ್ತಿಗಳಿದ್ದಾರಲ್ಲ, ನನ್ನ ಕುತೂಹಲ ಅವರ ವಿಷಯದಲ್ಲಿ.

ಇಂಥ ಆಹಾರದವರಿಗೆ ‘ವೀಗನ್’ ಎಂದು ಹೆಸರು. ನಮ್ಮ ಸಸ್ಯಾಹಾರಿಗಳಿಗೂ ಇವರಿಗೂ ಅಂತರ ಬಹಳ. ಹಾಲು, ಮೊಸರು, ತುಪ್ಪ, ಜೇನು ಇವರಿಗೆ ವರ್ಜ್ಯ. ರೇಷ್ಮೆ, ತೊಗಲು ಸಹ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವೇ ಸಂಗಡಿಗರು ಸಂಘ ಕಟ್ಟಿ, ‘ವೆಜಿಟೇರಿಯನ್’ ಪದದ ತಲೆಬಾಲಗಳನ್ನು ಜೋಡಿಸಿ ಈ ಹೆಸರು ಮಾಡಿಕೊಂಡರು. ಹಿಡಿದವರೆಷ್ಟು, ಬಿಟ್ಟವರೆಷ್ಟು? ಈಗ ‘ಫಾನಲಿಟಿಕ್ಸ್’ ಎನಿಸಿಕೊಂಡಿರುವ ಅಮೆರಿಕದ ಸಂಸ್ಥೆಯೊಂದು 2014ರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ, ವೀಗನರನ್ನೂ ಕೂಡಿಸಿದಂತೆ ಸಸ್ಯಾಹಾರ ಹಿಡಿದವರಲ್ಲಿ ನೂರಕ್ಕೆ 84 ಮಂದಿ ಅದನ್ನು ಬಿಟ್ಟರೆಂದು ಲೆಕ್ಕ ಕೊಟ್ಟಿತು. ಸಂಸ್ಥೆ ಪ್ರಾಣಿಗಳ ಪಕ್ಷದ್ದು. ತನಗೆ ಕಹಿಯಾದ ಲೆಕ್ಕವನ್ನು ತಾನೇ ಪ್ರಕಟಿಸಿದ್ದು ಮೆಚ್ಚತಕ್ಕ ಮಾತು.

ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷ ತುಂಬುವುದರೊಳಗೇ ಬಿಟ್ಟವರು. ಅವರದು ಬಹುಶಃ ನಾಲಗೆಯ ಕತೆ. ದೀರ್ಘಕಾಲ ನಡೆಸಿ ಬಿಟ್ಟವರಲ್ಲಿ ಹಲವರು ಮೈ ಸೋತಿತೆನ್ನುತ್ತಾರೆ. ಇದನ್ನು ನೆಪವೆಂದು ತಳ್ಳಿಹಾಕುವಂತಿಲ್ಲ. ಬಿ12 ಎಂಬ ಜೀವಸತ್ವವನ್ನು ಸೃಷ್ಟಿಸುವವು ಸೂಕ್ಷ್ಮಾಣುಗಳು. ಅದು ಮಾಂಸ, ಮೊಟ್ಟೆ, ಹಾಲುಗಳಲ್ಲಿ ದೊರೆಯುತ್ತದೆ, ಕಾಯಿಪಲ್ಯದಲ್ಲಿ ನೆಚ್ಚುವಷ್ಟು ದೊರೆಯದು. ನಮ್ಮ ಯಕೃತ್ತು ಅದನ್ನು ವರ್ಷಗಟ್ಟಲೆಗೆ ಕೂಡಿಟ್ಟುಕೊಂಡಿರುವುದರಿಂದ ಕೊರತೆ ಕಾಣಿಸಿಕೊಳ್ಳುವುದು ತಡವಾಗಿ: ರಕ್ತಹೀನತೆ, ಸುಸ್ತು, ಕೈಕಾಲು ಜುಮ್ಮೆನ್ನುವುದು, ಮರೆವು. ಅಂಥ ಒಂದು ಮಾರಕ ರಕ್ತಹೀನತೆಯನ್ನು ಪ್ರಾಣಿಯ ಪಿತ್ತಜನಕಾಂಗ ತಿನ್ನಿಸಿ ಗುಣಪಡಿಸಬಹುದೆಂದು ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು 1926ರಲ್ಲಿ ತೋರಿಸಿದರು. ವಿಪಲ್ ಅವರೊಡನೆ 1934ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅದರ ಸಾರವನ್ನು ಬಿ12 ಎಂದು ಬೇರ್ಪಡಿಸಿದ್ದು 1948ರಲ್ಲಿ. ಇಂದು ಸೂಕ್ಷ್ಮಾಣುಗಳಿಂದಲೇ ಅದನ್ನು ತಯಾರಿಸಿ ಗುಳಿಗೆ ಮಾಡಿ ಮಾರುತ್ತಾರೆ. ಯಾವ ಪ್ರಾಣಿಯನ್ನೂ ಕೊಲ್ಲಬೇಕಾಗಿಲ್ಲ. ಸಂಘ ಕಟ್ಟಿದ ವಾಟ್ಸನ್ 95 ವರ್ಷ ಬಾಳಿ 2005ರಲ್ಲಿ ತೀರಿಕೊಂಡರು. ಆದ್ದರಿಂದ ‘ಮೈ ಕೇಳಿತು’ ಎಂಬುದು ಒಬ್ಬೊಬ್ಬರ ಪಾಲಿಗೆ ನಿಜವಾಗಿರಬಹುದಾದರೂ ಮನುಷ್ಯಮಾತ್ರರಿಗೆಲ್ಲ ಸಲ್ಲುವ ತೀರ್ಪಲ್ಲ.

ಈ ಸಂಕಟವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರು ಗಾಂಧೀಜಿ. ‘ವೀಗನ್’ ಎಂಬ ಮಾತು ಹುಟ್ಟುವುದಕ್ಕೆ ಮೂವತ್ತು ವರ್ಷಕ್ಕೂ ಮೊದಲೇ, 1912ರಲ್ಲಿ, ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ ಅವರು ಹಾಲು ಬಿಟ್ಟರು. ಹಾಲು ಕರೆಯಲು ಕಲ್ಕತ್ತೆಯಲ್ಲಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವರ್ಣನೆಯನ್ನು ಓದಿದ್ದೂ ಅದಕ್ಕೊಂದು ಕಾರಣ. 1918ರಲ್ಲಿ ಖೇಡಾದಲ್ಲಿದ್ದಾಗ ಆಮಶಂಕೆ ಹಿಡಿದು ಎಲುಬಿನ ಗೂಡಾದರು. ಹಾಲಿಲ್ಲದೆ ಮೈ ಚೇತರಿಸದೆಂದು ವೈದ್ಯ ದಲಾಲರು ಹೇಳಿದಾಗ, ಹಾಗಾದರೆ ಆಡಿನ ಹಾಲಿಗೇನು ಅಡ್ಡಿ ಎಂದು ದಾರಿ ತೋರಿದವರು ಕಸ್ತೂರಬಾ. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ. ಗಾಂಧೀಜಿ ಕುಡಿದರು, ಬದುಕಿದರು. ವ್ರತದ ಅಕ್ಷರ ಉಳಿಯಿತೇ ಹೊರತು ಆತ್ಮ ಉಳಿಯಲಿಲ್ಲವೆಂದೂ, ಸತ್ಯಾಗ್ರಹ ನಡೆಸಬೇಕೆಂಬ ಹಂಬಲಕ್ಕಾಗಿ ಬದುಕಲಾಸೆಪಟ್ಟೆನೆಂದೂ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಕುಡಿಯುವುದನ್ನು ಬಿಡಲಿಲ್ಲ, ಕೊರಗುವುದನ್ನೂ ಬಿಡಲಿಲ್ಲ. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ, ಬರಿಯ ಆರೋಗ್ಯಕ್ಕಾಗಿ ಸಸ್ಯಾಹಾರ ಹಿಡಿದವರೇ ಹೆಚ್ಚಾಗಿ ಹಿಂದೆಗೆಯುತ್ತಾರೆ, ನಿಲ್ಲಬೇಕಾದರೆ ನೀತಿಯ ತಳಹದಿ ಬೇಕು ಎಂದರು. ಬಿ12 ಬೇರ್ಪಟ್ಟ 1948 ಅವರು ಹತರಾದ ವರ್ಷವೂ ಹೌದು ಎಂಬುದು ಒಂದು ಆಕಸ್ಮಿಕ. ನನಗೇಕೋ ಆಗಾಗ ನೆನಪಾಗುತ್ತದೆ.

ತರಗತಿಯಲ್ಲಿ ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗ ಈ ಪ್ರಶ್ನೆ ಬೇರೊಂದು ವೇಷದಲ್ಲಿ ಎದುರಾಗುತ್ತದೆ. 1209ರ ಕಾವ್ಯ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ತಾಯಿ ಮಗ ಇಬ್ಬರೂ ಪಶುಪಕ್ಷಿಗಳಾಗಿ ಹುಟ್ಟಿ ಹುಟ್ಟಿ ಕೊಲ್ಲಲ್ಪಡುತ್ತಾರೆ. ಸಂಕಲ್ಪಹಿಂಸೆಗೆ ಇಷ್ಟು ಘೋರ ಶಿಕ್ಷೆಯೆ ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಇಂದು ಬಟಾಣಿಯ ಸತ್ವದಿಂದ ಮಾಂಸದ ರೂಪ, ರುಚಿ, ಕೆಂಪು ಬಣ್ಣವನ್ನು ಕೂಡ ತಂದು ಮಾರುತ್ತಾರಲ್ಲ, ಅದು ನಮ್ಮ ಕಾಲದ ಹಿಟ್ಟಿನ ಕೋಳಿ. ಜನ್ನನ ಕೋಳಿಯನ್ನು ಮಾಡಿದ್ದು ಕಡಿಯುವುದಕ್ಕಾಗಿ, ಇದನ್ನು ಮಾಡುವುದು ಕಡಿಯದಿರುವುದಕ್ಕಾಗಿ. ಮಾಂಸಕ್ಕೆ ಮರಳಿದವನದು ಮೂರನೆಯ ಸ್ಥಿತಿ: ಕೊಲ್ಲುವ ಮನಸ್ಸಿಲ್ಲ, ಕೊಂದದ್ದು ಮಾತ್ರ ನಿಜವಾದ ಕೋಳಿಯನ್ನೇ. ಜನ್ನ ಇವನನ್ನು ಯಾವ ಜನ್ಮಕ್ಕೆ ಕಳಿಸುತ್ತಿದ್ದನೋ!

ಮರಳಿದವರಲ್ಲಿ ಕೆಲವರು ಹೊಸ ಮತಕ್ಕೆ ಸೇರಿದವರ ಉತ್ಸಾಹ ತೋರುವುದು ನನಗೆ ಹಿಡಿಸದು. ಇಪ್ಪತ್ತು ವರ್ಷ ವೀಗನ್ ಆಗಿದ್ದ ಅಮೆರಿಕದ ಲಿಯರ್ ಕೀತ್ 2009ರಲ್ಲಿ ಪುಸ್ತಕವನ್ನೇ ಬರೆದು ಸಸ್ಯಾಹಾರವೆಂಬುದೊಂದು ಮಿಥ್ಯೆ ಎಂದು ಸಾರಿದರು. ತನ್ನ ಒಂದು ಮೈಯ ಸೋಲನ್ನು ಲೋಕದ ಸಿದ್ಧಾಂತ ಮಾಡುವುದು ದುಡುಕು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ಮಾತನಾಡುತ್ತಿದ್ದಾಗ ಖಾರ ಬೆರೆಸಿದ ಪೈಗಳನ್ನು ಅವರ ಮುಖಕ್ಕೆ ಎರಚಲಾಯಿತು. ಪ್ರಾಣಿದಯೆಯ ಹೆಸರಿನಲ್ಲಿ ಮನುಷ್ಯಳ ಕಣ್ಣಿಗೆ ಖಾರ!

ಪಶ್ಚಿಮದ ಈ ಜಗಳವನ್ನು ನಮ್ಮಲ್ಲಿಗೆ ಹಾಗೆಯೇ ಎತ್ತಿ ತರುವಂತಿಲ್ಲ. ಅಲ್ಲಿ ಬಿಡುವುದೂ ಹಿಡಿಯುವುದೂ ಒಬ್ಬನ ನಿರ್ಧಾರ. ಇಲ್ಲಿ ಸಸ್ಯಾಹಾರಿಗಳ ಮನೆಯ ಹುಡುಗ ಮಾಂಸ ತಿಂದರೆ ‘ಕೆಟ್ಟ’ ಎನ್ನುತ್ತಾರೆ. ಆ ಮಾತಿನಲ್ಲಿ ಕೋಳಿಯ ಚಿಂತೆ ಎಳ್ಳಷ್ಟೂ ಇಲ್ಲ, ಇರುವುದೆಲ್ಲ ಜಾತಿಯ ಚಿಂತೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು ತಲೆತಲಾಂತರದಿಂದ ಮಾಂಸಾಹಾರಿಗಳ ಮನೆ. ಬೆಂಗಳೂರಿಗೆ ಹೋಗಿ ವೀಗನ್ ಆಗಿ ಎಂಟು ವರ್ಷ ನಡೆಸಿದ. ಹಬ್ಬಕ್ಕೆ ಊರಿಗೆ ಬಂದರೂ ಬೇರೆಯೇ ಎಲೆ. ಈಚೆಗೆ ಬಿಟ್ಟ. ಕಾರಣವನ್ನು ನಾನು ಕೇಳಲಿಲ್ಲ, ಅವನೇ ಹೇಳಿದ: “ಅವ್ವ ಮಾಡಿದ್ದನ್ನು ಉಣ್ಣೋಣ ಅನ್ನಿಸಿತು, ಸಾರ್.” ಅವನ ಗೆಳೆಯರಲ್ಲಿ ಇಬ್ಬರು ಮಾತು ಬಿಟ್ಟಿದ್ದಾರಂತೆ. ಊರಲ್ಲಿ ಅವ್ವ ಮೀನಿನ ಸಾರು ಬಡಿಸಿ ಕಣ್ಣೊರೆಸಿಕೊಂಡಳಂತೆ. ಹಾಲನ್ನು ಮಾತ್ರ ಅವನು ಈಗಲೂ ಮುಟ್ಟುವುದಿಲ್ಲ. ಕರು ಬೇರೆ ಕಟ್ಟಿ ಹಾಲು ಕರೆಯುವುದನ್ನು ನೋಡಲಾರೆನೆನ್ನುತ್ತಾನೆ. ನಮ್ಮ ಮನೆಗೆ ಬಂದಾಗ ಅವನಿಗೆ ಹಾಲಿಲ್ಲದ ಕಾಫಿಯೇ ಆಗಬೇಕು.