ಶಿಬಿರಕ್ಕೆ ಶಾಮಿಯಾನ ಸಿಗುತ್ತದೆ, ಭಾನುವಾರಕ್ಕೆ ಒಂದು ಕೋಣೆ ಸಿಗಲ್ಲ

ಮದ್ಯವರ್ಜನ ಶಿಬಿರ ನಡೆದ ಊರಿಗೆ ಆರು ತಿಂಗಳು ಬಿಟ್ಟು ಹೋಗಿ ನೋಡಿ. ಶಾಮಿಯಾನ ಹಾಕಿದ್ದ ಜಾಗದಲ್ಲಿ ಯಾರೋ ರಾಗಿ ಒಣಗಿಸುತ್ತಿರುತ್ತಾರೆ. ಸಮಾರೋಪದ ಫ್ಲೆಕ್ಸು ಯಾರದೋ ಕೊಟ್ಟಿಗೆಗೆ ಮರೆಯಾಗಿ ಕಟ್ಟಿರುತ್ತದೆ. ಅದರಲ್ಲಿ ಶಾಸಕರು, ಅಧ್ಯಕ್ಷರು, ದಾನಿಗಳು ಎಲ್ಲರ ಮುಖವೂ ಇರುತ್ತದೆ. ಶಿಬಿರದಲ್ಲಿ ಕುಡಿತ ಬಿಟ್ಟವರು ಈಗ ಹೇಗಿದ್ದಾರೆ, ಎಷ್ಟು ಜನ ಬಿಟ್ಟೇ ಇದ್ದಾರೆ ಅಂತ ಕೇಳಿದರೆ ಮಾತ್ರ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಆ ಲೆಕ್ಕ ಇಡುವುದು ಊರಲ್ಲಿ ಯಾರ ಕೆಲಸವೂ ಅಲ್ಲ.

ನನ್ನ ತಕರಾರು ಶಿಬಿರದ ಮೇಲಲ್ಲ. ಎಂಟು ದಿನ ಒಬ್ಬ ಮನುಷ್ಯನನ್ನು ಎಣ್ಣೆಯಿಂದ ದೂರ ಇಟ್ಟು, ಹೊತ್ತಿಗೆ ಸರಿಯಾಗಿ ಊಟ ಹಾಕಿ, ಅವನ ಹೆಂಡತಿ ಮಕ್ಕಳ ಎದುರು ಕೂರಿಸಿ ಮಾತಾಡಿಸುವುದು ಸಣ್ಣ ಕೆಲಸವಲ್ಲ. ತಕರಾರು ಒಂಬತ್ತನೇ ದಿನದ ಬಗ್ಗೆ. ಆ ದಿನ ಶಾಲು ಹೊದ್ದು ಮನೆಗೆ ಬಂದವನನ್ನು ನಾವು ಒಬ್ಬನನ್ನೇ ಬಿಟ್ಟುಬಿಡುತ್ತೇವೆ. ಅವನು ಮತ್ತೆ ಕುಡಿದರೆ "ನಾಯಿ ಬಾಲ ಡೊಂಕು" ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇವೆ.

ಒಂಬತ್ತನೇ ದಿನ ಅವನಿಗೆ ಏನೇನು ಕಾದಿರುತ್ತದೆ ಅಂತ ನಿಮಗೂ ಗೊತ್ತು. ಬೆಳಿಗ್ಗೆ ಕೆಲಸ ಇರುತ್ತದೆ, ಹೇಗೋ ಕಳೆಯುತ್ತದೆ. ಸಂಜೆ ಆರರಿಂದ ಒಂಬತ್ತು ಗಂಟೆ ಇದೆಯಲ್ಲ, ಅದು ಕಳೆಯಲ್ಲ. ಬಾಟಲಿ ಬಿಟ್ಟವನು ಅದರ ಜೊತೆ ಕೂತು ಮಾತಾಡುತ್ತಿದ್ದ ನಾಲ್ಕು ಜನರನ್ನೂ ಬಿಡಬೇಕು. ಅವರೇ ಅವನ ಗೆಳೆಯರು, ಕೂಲಿ ಕೊಡಿಸುವವರು, ಮಗಳ ಮದುವೆಗೆ ಸಾಲ ಕೊಡುವವರು. ಅರಳಿಕಟ್ಟೆಗೆ ಹೋದರೆ "ಏನು ಸ್ವಾಮೀಜಿ, ದರ್ಶನ ಕೊಟ್ಟಿರಿ" ಅನ್ನುತ್ತಾರೆ. ಮನೆಯಲ್ಲೇ ಕೂತರೆ ಕಿಸೆ ಮುಟ್ಟಿ ನೋಡುವ ಅನುಮಾನ. ವಾರದ ಬಟವಾಡೆ ಕೈಗೆ ಬಂದ ದಿನ ಕಿರಾಣಿ ಅಂಗಡಿಯ ಅಕ್ಕಿ ಮೂಟೆ ಹಿಂದಿನಿಂದ ತೊಂಬತ್ತು ಎಂ.ಎಲ್. ಪ್ಯಾಕೆಟ್ ತಾನಾಗಿಯೇ ಕೈ ಚಾಚುತ್ತದೆ. ಲೈಸೆನ್ಸ್ ಇಲ್ಲದ ಆ ಮಾರಾಟ ಇಡೀ ಊರಿಗೆ ಗೊತ್ತು, ಅಬಕಾರಿಯವರಿಗೆ ಮಾತ್ರ ಗೊತ್ತಿಲ್ಲ.

ಈ ಮೂರು ಗಂಟೆಯಲ್ಲಿ, ವಾರಕ್ಕೆ ಒಂದು ಸಲವಾದರೂ, ಅವನಿಗೆ ಹೋಗಿ ಕೂರಲು ಒಂದು ಜಾಗ ಬೇಕು. ತನ್ನಂತೆಯೇ ಕುಡಿದು, ತನ್ನಂತೆಯೇ ಬಿಟ್ಟ ಐದಾರು ಜನ ಅಲ್ಲಿರಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಇದು ಹೊಸ ವಿದ್ಯೆಯೇನೂ ಅಲ್ಲ, ನಮ್ಮ ಊರುಗಳು ಪ್ರತಿ ವರ್ಷ ಮಾಡಿ ತೋರಿಸುತ್ತವೆ. ಕಾರ್ತಿಕ ಬಂದು ಅಯ್ಯಪ್ಪ ಮಾಲೆ ಹಾಕಿದ ಮೇಲೆ ನೋಡಿ. ವರ್ಷವೆಲ್ಲ ಚರಂಡಿ ಪಕ್ಕ ಮಲಗುತ್ತಿದ್ದವನು 41 ದಿನ ಹನಿ ಮುಟ್ಟಲ್ಲ. ಹೇಗೆ? ದೇವರ ಭಯ ಅಂತೀರಿ. ಇರಲಿ, ಭಯ ಇದೆ. ಆದರೆ ಉಳಿದದ್ದನ್ನೂ ಗಮನಿಸಿ. ಬೆಳಿಗ್ಗೆ ಸಂಜೆ ಹೋಗಲು ಒಂದು ಸನ್ನಿಧಾನ ಇರುತ್ತದೆ. ಅಲ್ಲಿ ಹತ್ತು ಹದಿನೈದು ಜನ ಅದೇ ವ್ರತದಲ್ಲಿರುತ್ತಾರೆ. ಒಟ್ಟಿಗೆ ಭಜನೆ, ಒಟ್ಟಿಗೆ ಪ್ರಸಾದ. ಹಲವು ಸಲ ಮಲೆ ಹತ್ತಿ ಬಂದ ಗುರುಸ್ವಾಮಿ ಒಬ್ಬರು ಇರುತ್ತಾರೆ, ಹೊಸಬ ಕನ್ನೆಸ್ವಾಮಿ ತಪ್ಪಿದರೆ ಹೆಗಲ ಮೇಲೆ ಕೈ ಇಟ್ಟು ತಿದ್ದುತ್ತಾರೆ. ಎಲ್ಲಕ್ಕಿಂತ ದೊಡ್ಡದು, ನಿನ್ನೆಯವರೆಗೆ ಕುಡುಕ ಅಂತ ಕರೆಸಿಕೊಂಡವನನ್ನು ಇಡೀ ಊರು "ಸ್ವಾಮಿ" ಅಂತ ಕರೆಯುತ್ತದೆ. ಅವನ ಎದುರಿಗೆ ಗ್ಲಾಸು ಹಿಡಿಯಲು ಹಳೆಯ ಗೆಳೆಯರೂ ನಾಚುತ್ತಾರೆ.

ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಗೆ ಇದೆಲ್ಲ ಒಟ್ಟಿಗೇ ನಿಂತುಹೋಗುತ್ತದೆ. ಸನ್ನಿಧಾನದ ಚಪ್ಪರ ಬಿಚ್ಚುತ್ತಾರೆ, ಗುಂಪು ಚದುರುತ್ತದೆ, ಸ್ವಾಮಿ ಮತ್ತೆ ಕುಡುಕನಾಗುತ್ತಾನೆ. ಅವನ ಮನಸ್ಸು ಗಟ್ಟಿಯಿಲ್ಲ ಅಂತ ನಾವು ಬೈಯುತ್ತೇವೆ. 41 ದಿನ ಗಟ್ಟಿಯಿದ್ದ ಮನಸ್ಸು 42ನೇ ದಿನ ಯಾಕೆ ಮೆತ್ತಗಾಯಿತು ಅಂತ ಯಾರೂ ಕೇಳುವುದಿಲ್ಲ.

ದೇವರನ್ನು ಪಕ್ಕಕ್ಕಿಟ್ಟು, ಆ ಗುಂಪನ್ನು ವರ್ಷವಿಡೀ ನಡೆಸುವ ದಾರಿ ಇದೆ. 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಶೇರು ವ್ಯವಹಾರದ ಬಿಲ್ ವಿಲ್ಸನ್ ಎಂಬಾತ ವ್ಯಾಪಾರ ಕೆಟ್ಟು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಪಕ್ಕದಲ್ಲೇ ಬಾರ್ ಇತ್ತು. ಅವನು ಫೋನ್ ಮಾಡಿ ಹುಡುಕಿದ್ದು ಡಾಕ್ಟರನ್ನಲ್ಲ, ಪಾದ್ರಿಯ ಉಪದೇಶವನ್ನೂ ಅಲ್ಲ. ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಹುಡುಕಿದ. ಸಿಕ್ಕಿದ್ದು ಕುಡಿತದಿಂದ ಕೆಟ್ಟಿದ್ದ ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕ. ಬಿಲ್ ಹೋಗಿದ್ದು ಬಾಬ್‌ನನ್ನು ಉದ್ಧಾರ ಮಾಡಲು ಅಲ್ಲ, ಆ ಸಂಜೆ ತಾನು ಕುಡಿಯದೆ ಇರಲು. ಇಬ್ಬರೂ ಉಳಿದರು. ಅಲ್ಲಿಂದ ಶುರುವಾದದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ. ಇವತ್ತು ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಇದರ ಸಭೆಗಳು ನಡೆಯುತ್ತವೆ.

ಸಭೆಯಲ್ಲಿ ನಡೆಯುವುದು ತೀರಾ ಸರಳ. ಸುಮಾರು ಒಂದು ಗಂಟೆ. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. (ನಮ್ಮ ಊರಲ್ಲಿ ಇದೇ ಅತಿ ಕಷ್ಟದ ನಿಯಮ.) ಜೀವನಪರ್ಯಂತ ಬಿಡುತ್ತೇನೆ ಅನ್ನುವ ಆಣೆ ಯಾರೂ ಹಾಕಿಸಲ್ಲ, ಇವತ್ತು ಒಂದು ದಿನ ಕುಡಿಯಲ್ಲ ಅನ್ನುವುದಷ್ಟೇ. ಬಿಟ್ಟು ವರ್ಷಗಳಾದ ಒಬ್ಬರು ಹೊಸಬರಿಗೆ ಆಸರೆಯಾಗಿರುತ್ತಾರೆ, ರಾತ್ರಿ ಹನ್ನೊಂದಕ್ಕೆ ಆಸೆ ಹುಟ್ಟಿದರೆ ಅವರಿಗೆ ಫೋನ್ ಮಾಡಬಹುದು. ಗುರುಸ್ವಾಮಿಯನ್ನು ನೆನಪಿಸಿಕೊಳ್ಳಿ. ಸೇರಲು ಒಂದೇ ಅರ್ಹತೆ, ಕುಡಿತ ಬಿಡಬೇಕು ಅನ್ನುವ ಆಸೆ. ಶುಲ್ಕ ಇಲ್ಲ. ದೇವರ ಪ್ರಸ್ತಾಪ ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಇದೆ, ಅದು ಇಷ್ಟವಿಲ್ಲದವರು ಅದಿಲ್ಲದೆಯೇ ಗುಂಪು ಕಟ್ಟಿಕೊಳ್ಳಬಹುದು. ನನಗೇನೂ ಹಟವಿಲ್ಲ.

ಕೂತು ಮಾತಾಡಿದರೆ ಕುಡಿತ ಬಿಡುತ್ತದಾ ಅನ್ನುವವರಿಗೆ ಒಂದು ಲೆಕ್ಕ. 27 ಅಧ್ಯಯನಗಳನ್ನು, ಅವುಗಳಲ್ಲಿದ್ದ 10,565 ಜನರನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ವಿಮರ್ಶೆ 2020ರಲ್ಲಿ ಬಂತು. ರೋಗಿಗಳನ್ನು ವ್ಯವಸ್ಥಿತವಾಗಿ ಎ.ಎ. ಸಭೆಗಳಿಗೆ ಜೋಡಿಸಿದಾಗ, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಅದು ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತ್ತು. ಅವು ಹೆಚ್ಚಿನವು ಅಮೆರಿಕದ ಅಧ್ಯಯನಗಳು, ನಿಜ. ಆದರೆ ನಮ್ಮಲ್ಲಿರುವುದೇನು? ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನೋ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು. ಉಳಿದ 37 ಜನರಿಗೆ ನಾವು ಕೊಡುತ್ತಿರುವುದು ಬೈಗುಳ, ಪಂಚಾಯ್ತಿ ದಂಡ, ದೇವರ ಮುಂದೆ ಆಣೆ, ಮತ್ತೆ ಆ ಪುಡಿ.

ಪುಡಿಯ ಬಗ್ಗೆ ನಿಂತು ಹೇಳಬೇಕು. "ಅವರಿಗೆ ಗೊತ್ತಿಲ್ಲದಂತೆ ಸಾರಿನಲ್ಲಿ ಬೆರೆಸಿ, ಕುಡಿತ ಬಿಡಿಸಿ" ಅನ್ನುವ ಜಾಹೀರಾತು ಬಸ್ಸಿನ ಹಿಂದೆ, ಗೋಡೆ ಮೇಲೆ, ನಿಮ್ಮ ಮೊಬೈಲಿನಲ್ಲೂ ಬರುತ್ತದೆ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ನುಂಗಿದವನು ಕುಡಿದರೆ ವಾಂತಿಯಾಗುತ್ತದೆ, ಎದೆ ಬಡಿತ ಏರುತ್ತದೆ, ಬಿ.ಪಿ. ಕುಸಿಯಬಹುದು, ಪ್ರಾಣವೂ ಹೋಗಬಹುದು. ಡಾಕ್ಟರು ಅದನ್ನು ಕೊಡುವುದು ರೋಗಿಗೆ ಹೇಳಿ, ಒಪ್ಪಿಸಿ. ಪುಡಿಯಲ್ಲಿ ಏನಿದೆ ಅಂತ ಮಾರುವವನು ಹೇಳಲ್ಲ. ಕದ್ದು ಬೆರೆಸುವುದು ಚಿಕಿತ್ಸೆಯಲ್ಲ, ವಿಷಪ್ರಯೋಗ. ಹೆಂಡತಿಯ ಕೈಯಲ್ಲಿ ಮಾಡಿಸುವ ವಿಷಪ್ರಯೋಗ.

ಇನ್ನೊಂದು ಎಚ್ಚರಿಕೆ. ವರ್ಷಗಟ್ಟಲೆ ಬೆಳಗಿನಿಂದಲೇ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತಾನೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಇಲ್ಲದ್ದು ಕಾಣುವುದು, ಮೈಮೇಲೆ ಹುಳ ಹರಿದಂತೆ ಕೊಡವಿಕೊಳ್ಳುವುದು, ಹೆಂಡತಿಯ ಗುರುತೇ ಸಿಗದಿರುವುದು ಶುರುವಾಗಬಹುದು. ಇದನ್ನು ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಲು ಕರೆದೊಯ್ದು ಜೀವ ಕಳೆಯಬೇಡಿ. ಇದು ಆಸ್ಪತ್ರೆಯ ಕೆಲಸ, ಔಷಧ ಇದೆ. ಸಭೆ ಇದಕ್ಕೆ ಬದಲಿಯಲ್ಲ. ಸಭೆ ಶುರುವಾಗುವುದು ಇದಾದ ಮೇಲೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ, ಈಗಲೇ ಸೇವ್ ಮಾಡಿಕೊಳ್ಳಿ.

ಊರಿನ ಸ್ವಯಂಸೇವಕರು ಬೇಕಾಗುವುದು ಇಲ್ಲಿ. ಬಾಟಲಿ ಒಡೆಯುವ, ಕುಡುಕನನ್ನು ಕಂಬಕ್ಕೆ ಕಟ್ಟುವ ಹುಡುಗರು ಬೇಡ, ಅಂಥವರು ಬೇಕಾದಷ್ಟಿದ್ದಾರೆ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು, ಚೀಟಿ ಮಾಡಿಸಿ, ಸರದಿ ಬರುವ ತನಕ ಪಕ್ಕದಲ್ಲಿ ಕೂರುವವರು ಬೇಕು. ಬಟವಾಡೆ ದಿನ ಸಂಜೆ "ಬಾ, ಟೀ ಕುಡಿಯೋಣ" ಅಂತ ಮನೆ ಬಾಗಿಲಿಗೆ ಬರುವವರು, ಜಾತ್ರೆ, ಮದುವೆ, ಚುನಾವಣೆ ಅನ್ನುವ ಮೂರು ಗಂಡಾಂತರಗಳಲ್ಲಿ ಜೊತೆ ಬಿಡದವರು ಬೇಕು. ಈ ಕೆಲಸ ಕುಡಿದು ಬಿಟ್ಟವರಿಗೇ ಚೆನ್ನಾಗಿ ಬರುತ್ತದೆ. ಅವರಿಗೆ ಸುಳ್ಳು ಬೇಗ ತಿಳಿಯುತ್ತದೆ, ಯಾಕೆಂದರೆ ಅದೇ ಸುಳ್ಳನ್ನು ಅವರೂ ಹೇಳಿದ್ದಾರೆ. ಮಾಡುವವರಿಗೂ ಲಾಭ ಇದೆ. ಇನ್ನೊಬ್ಬನನ್ನು ಕಾಯುವ ಸಂಜೆ ತಾನೂ ಕುಡಿಯುವುದಿಲ್ಲ, ಬಿಲ್ ವಿಲ್ಸನ್ ಕಂಡುಕೊಂಡದ್ದೇ ಇದು. ಈ ಹೊರೆಯನ್ನು ಮಾತ್ರ ದಯವಿಟ್ಟು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ.

ಹೆಂಗಸರಿಗೆ ಬೇರೆ ಕೂಟ ಬೇಕು. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ಅಲ್-ಅನಾನ್ ಅಂತ ಹುಟ್ಟಿತು, ಕಟ್ಟಿದವರಲ್ಲಿ ಬಿಲ್‌ನ ಹೆಂಡತಿ ಲೋಯಿಸ್ ಒಬ್ಬಳು. ನಮ್ಮಲ್ಲಿ ಸ್ವಸಹಾಯ ಸಂಘಗಳಿವೆ, ವಾರವಾರ ಸೇರುತ್ತಾರೆ, ಕಂತಿನ ಲೆಕ್ಕ ಮುಗಿಸಿ ಏಳುತ್ತಾರೆ. ಕಂತು ಕಟ್ಟಲಾಗದ್ದು ಯಾಕೆ ಅನ್ನುವ ಮಾತು ಅಲ್ಲಿ ಬರುವುದೇ ಇಲ್ಲ. ಇನ್ನು ಕುಡಿಯುವ ಹೆಂಗಸರೂ ಇದ್ದಾರೆ. ಅವರಿಗೆ ಶಿಬಿರವೂ ಇಲ್ಲ, ಶಾಲೂ ಇಲ್ಲ.

ಈಗ ಆಕ್ಷೇಪಣೆಗೆ ಬರೋಣ. "ಕುಡುಕರ ಸಂಘ ಅಂತ ಬೋರ್ಡು ಹಾಕಿದರೆ ಯಾರು ಬರುತ್ತಾರೆ? ಹಳ್ಳಿಯಲ್ಲಿ ಗುಟ್ಟು ಉಳಿಯುತ್ತದಾ?" ಅವನು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದದ್ದನ್ನು ಇಡೀ ಊರು ನೋಡಿದೆ. ಕುಡಿಯುತ್ತಾನೆ ಅನ್ನುವುದು ಗುಟ್ಟೇ ಅಲ್ಲ. ಗುಟ್ಟಾಗಿ ಉಳಿಯಬೇಕಾದದ್ದು ಕೋಣೆಯೊಳಗೆ ಅವನು ಆಡಿದ ಮಾತು, ಅದನ್ನು ಕಾಯುವವರು ಅದೇ ಮಾತನ್ನು ಆಡಿದವರು. ಅಷ್ಟಕ್ಕೂ ಸಂಕೋಚ ಇದ್ದರೆ ಪಕ್ಕದ ಊರಿನ ಸಭೆಗೆ ಹೋಗಲಿ. ಬೋರ್ಡು ಬೇಡವೇ ಬೇಡ. ಫೋಟೊ ಅಂತೂ ಬೇಡ. ಕುಡಿತ ಬಿಟ್ಟವರನ್ನು ಸಾಲಾಗಿ ನಿಲ್ಲಿಸಿ, ಹೆಸರು ಸಮೇತ ಪತ್ರಿಕೆಯಲ್ಲಿ ಹಾಕುವ ಚಾಳಿಯನ್ನು ಸ್ಥಳೀಯ ವರದಿಗಾರರು ಬಿಡಬೇಕು. ಅವನು ನಾಳೆ ಜಾರಿದರೆ ಆ ಫೋಟೊ ಅವನ ಮಕ್ಕಳನ್ನು ಶಾಲೆಯವರೆಗೆ ಅಟ್ಟಿಸಿಕೊಂಡು ಹೋಗುತ್ತದೆ.

"ಬಾರ್ ಮುಚ್ಚಿಸಿ, ಎಲ್ಲ ಸರಿಹೋಗುತ್ತದೆ" ಅನ್ನುವವರಿದ್ದಾರೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರ ಸಿಟ್ಟು ನ್ಯಾಯವಾದದ್ದು. ಆದರೆ 2007ರ ಜುಲೈನಲ್ಲಿ ಸಾರಾಯಿ ನಿಂತಿತ್ತು, ಜನ ಅಗ್ಗದ ವಿಸ್ಕಿಗೆ ಹೋದರು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ಸರ್ಕಾರ ನಿಮ್ಮ ಊರಿನ ಅಂಗಡಿಯನ್ನು ಈ ವರ್ಷ ಮುಚ್ಚುತ್ತದೆ ಅಂತ ನಂಬಿ ಕೂರಬೇಡಿ. ಅದೇ ಮಾರ್ಚಿನಲ್ಲಿ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ ಅಂತ ಶಾಸಕರೊಬ್ಬರು ವಿಧಾನಸಭೆಯಲ್ಲೇ ಕೇಳಿದ್ದರು. ಹೋರಾಟ ನಡೆಯಲಿ. ಅದು ಗೆಲ್ಲುವ ತನಕ ಬಿಟ್ಟವನು ಭಾನುವಾರ ಸಂಜೆ ಎಲ್ಲಿ ಕೂರಬೇಕು?

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯ ಶಿಬಿರಗಳಲ್ಲಿ ಬಿಟ್ಟವರು ನವಜೀವನ ಸಮಿತಿ ಅಂತ ಮಾಡಿಕೊಳ್ಳುತ್ತಾರೆ. ಒಳ್ಳೆಯದು, ನಿಮ್ಮ ಊರಲ್ಲಿ ಇದ್ದರೆ ಅಲ್ಲಿಂದಲೇ ಶುರು ಮಾಡಿ, ಇಲ್ಲದಿದ್ದರೆ ಮೂರು ಜನ ಸಾಕು. ಸೇರುವ ಜಾಗ ಮಾತ್ರ ನೋಡಿ ಆರಿಸಿ. ಗುಡಿಯ ಸಭಾಂಗಣವಾದರೆ ಕಾಲೋನಿಯವರು ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತದೆ. ಯಾರದೋ ಜಗಲಿಯಾದರೆ ಅದು ಆ ಪಾರ್ಟಿಯವರ ಸಂಘ ಆಗುತ್ತದೆ. ಎಲ್ಲರೂ ಒಳಗೆ ಹೋಗಿ ಒಂದೇ ಸಾಲಿನಲ್ಲಿ ಕೂರಬಹುದಾದ ಜಾಗ ಗ್ರಾಮ ಪಂಚಾಯ್ತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅದು. ಕುರ್ಚಿ ಇದೆ, ದೀಪ ಇದೆ, ಫ್ಯಾನೂ ಇರುತ್ತದೆ. ಸಂಜೆ ಬೀಗ ಹಾಕಿರುತ್ತದೆ.

ಪಂಚಾಯ್ತಿಯಲ್ಲಿ ಕೇಳಿದರೆ ಮೊದಲು ಬರುವ ಉತ್ತರ "ಅನುದಾನ ಇಲ್ಲ" ಅನ್ನುವುದೇ. ಇಂಥ ಸಭೆ ನಡೆಸುವವರು ಅನುದಾನ ಕೇಳಲ್ಲ, ಕೊಟ್ಟರೂ ತೆಗೆದುಕೊಳ್ಳಲ್ಲ. ಹೊರಗಿನವರ ದುಡ್ಡು ಮುಟ್ಟಬಾರದು ಅನ್ನುವುದು ಎ.ಎ.ಯ ಕಟ್ಟಳೆ, ಬಂದವರೇ ಹತ್ತಿಪ್ಪತ್ತು ಹಾಕಿ ಟೀ ಖರ್ಚು, ಬಾಡಿಗೆ ನೋಡಿಕೊಳ್ಳುತ್ತಾರೆ. ಎರಡನೇ ಉತ್ತರ "ಆದೇಶ ಇಲ್ಲ". ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಭಾನುವಾರ ಸಂಜೆ ಆರರಿಂದ ಏಳಕ್ಕೆ ಅರಿವು ಕೇಂದ್ರ ತೆರೆದಿಡಬೇಕು ಅಂತ ಠರಾವು ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಬನ್ನಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅನ್ನುವುದನ್ನೂ ಅದೇ ಪುಸ್ತಕದಲ್ಲಿ ಬರೆಯಲು ಪಿ.ಡಿ.ಒ.ಗೆ ಹೇಳಿ.